ಬಿಲ್ಲೆಯ ಹಸಿರು ಮುಖ

ತಿಮಾರು
ಮೇ ೧೯, ೨೦೨೪, ಭಾನುವಾರ

ಪ್ರೀತಿಯ ಲಿನ್ಲಿ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಇದು ನಾನು ಬರೆಯುತ್ತಿರುವ ನಾಲ್ಕನೆಯ ಉತ್ತರ. ಮೊದಲ ಮೂರೂ ಒಲೆಗೆ ಹೋದವು. ಮೂರರಲ್ಲೂ ಮೊದಲ ಪುಟದ ತುಂಬ ನನ್ನ ಮಂಡಿನೋವು, ಗ್ರೇಮ್‌ನ ಹೊಸ ಹಲ್ಲಿನ ಸೆಟ್ಟು, ಈ ಸಲ ಜಾಮ್ ಗಟ್ಟಿಯಾಗದೆ ಹೋದ ಕಥೆ. ಎರಡನೆಯ ಪುಟ ಬರುವಷ್ಟರಲ್ಲಿ ಧೈರ್ಯ ಮುಗಿದಿರುತ್ತಿತ್ತು. ಆದ್ದರಿಂದ ಈ ಸಲ ಜಾಮಿನ ಸುದ್ದಿ ಇಲ್ಲ. ಕೂತು ಓದು. ಕಾಲಿಗೆ ಏನಾದರೂ ಹಾಕಿಕೊಂಡು ಕೂತುಕೋ. ನೆಲ್ಸನ್ನಿನಲ್ಲಿ ಎಷ್ಟೇ ಬಿಸಿಲಿರಲಿ, ನಿನ್ನ ಪಾದ ಚಳಿ ಶುರುವಾಗುವ ಮೇ ತಿಂಗಳಿಂದಲೇ ತಣ್ಣಗಾಗುವುದು ನನಗೆ ಗೊತ್ತು.

ಕಳೆದ ತಿಂಗಳು ನಾವು ಗಂಡ-ಹೆಂಡತಿ ಸ್ಕೀ ಕ್ಲಬ್ಬಿನ ಬೆಟ್ಟದ ಮನೆಗೆ ಶ್ರಮದಾನಕ್ಕೆ ಹೋಗಿದ್ದೆವು. ಚಳಿಗಾಲಕ್ಕೆ ಸೌದೆ ಒಡೆದು ಪೇರಿಸುವುದು, ಬೆಟ್ಟ ಹತ್ತಿಸುವ ಹಗ್ಗದ ಯಂತ್ರದ ಗಾಲಿಗಳಿಗೆ ಎಣ್ಣೆ ಬಿಡುವುದು, ಇಲಿಗಳು ಹರಿದ ಹಾಸಿಗೆ ಹೊಲಿಯುವುದು, ಎಲ್ಲ ಹಳೆಯದೇ. ಕೀಯಾ ಗಿಳಿಯೊಂದು ಗ್ರೇಮ್‌ನ ಕೈಗವಸು ಎತ್ತಿಕೊಂಡು ಹೋಗಿ ಸೂರಿನ ಮೇಲೆ ಕೂತು ಎಳೆ ಎಳೆಯಾಗಿ ಬಿಚ್ಚಿತು. ಹೊಸದೇನೆಂದರೆ, ಈಗಿನ ಸಮಿತಿಯ ಹುಡುಗರು ನಮ್ಮ ಹೆಸರಿನ ಬಿಲ್ಲೆಗಳ ಹಲಗೆಯನ್ನು ಗೋಡೆಯಿಂದ ಬಿಚ್ಚಿದರು. ಇನ್ನು ಮೇಲೆ ಯಾರು ಹೊರಗೆ, ಯಾರು ಒಳಗೆ ಎಂಬುದು ಮೊಬೈಲಿನಲ್ಲಿ ದಾಖಲಾಗುತ್ತದಂತೆ. ಅವರವರ ಬಿಲ್ಲೆ ಅವರವರೇ ತೆಗೆದುಕೊಂಡರು. ಕೊನೆಗೆ ಮೊಳೆಯಲ್ಲಿ ಉಳಿದದ್ದು ನಿನ್ನ ನೆವ್‌ನದೊಂದೇ. ಹನ್ನೆರಡು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ನಾನು ತೆಗೆದು ಜೇಬಿಗೆ ಹಾಕಿಕೊಂಡೆ. ಅದನ್ನು ಎಲ್ಲಿಗೆ ಕಳಿಸಲಿ ಎಂದು ನಿನಗೆ ಫೋನ್ ಮಾಡಿದಾಗ ನೀನು ಫೋನ್ ಇಟ್ಟುಬಿಟ್ಟೆ.

ಆಮೇಲೆ ನಿನ್ನ ಕಾಗದ ಬಂತು. "ಅದನ್ನ ಒಲೆಗೆ ಹಾಕು ರೇವಿನ್. ಇಪ್ಪತ್ತಾರು ವರ್ಷ ಮರೆತೋನು ಅದೊಂದು ದಿನ ನೆನಪಿಟ್ಕೊಂಡು ತಿರುಗಿಸಿದ. ಯಾಕೆ ಅಂತ ನನಗೂ ಗೊತ್ತು, ನಿನಗೂ ಗೊತ್ತು." ಕೆಳಗೆ ಇನ್ನೊಂದು ಸಾಲು: ಈಸ್ಟರ್ ರಜೆಯಲ್ಲಿ ಬ್ರಿಯೋನಿಗೂ ಹೇಳಿದೆ, ಅವಳಪ್ಪ ಬೇಕೆಂದೇ ಸತ್ತ ಎಂದು. ತನ್ನ ಮಗುವಿಗೆ ಅಪ್ಪನ ನೆನಪಿಗೆ ನೆವಿಲ್ ಎಂದು ಎರಡನೆಯ ಹೆಸರು ಇಡಬೇಕೆಂದಿದ್ದವಳು ಈಗ ಅದರ ಮಾತೇ ಎತ್ತುತ್ತಿಲ್ಲ.

ನೀನು ಹಾಗೆ ನಂಬಿದ್ದೀಯ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ನಂಬಿಕೊಂಡು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತೀಯ, ನಮ್ಮಿಬ್ಬರ ಜೊತೆಗೇ ಅದು ಮುಗಿಯುತ್ತದೆ ಎಂದುಕೊಂಡಿದ್ದೆ. ಈಗ ಅದು ಬ್ರಿಯೋನಿಗೆ ದಾಟಿತು, ನಾಳೆ ಆ ಹಸುಗೂಸಿಗೂ ದಾಟುತ್ತದೆ. ಇನ್ನು ನಾನು ಬಾಯಿ ಮುಚ್ಚಿಕೊಂಡಿರಲಾರೆ.

ಈ ಕಾಗದವನ್ನು ಅವಳಿಗೂ ತೋರಿಸು. ನೆವ್ ಸತ್ತ ವರ್ಷ ಅವಳು ಲಂಡನ್ನಿನಲ್ಲಿದ್ದಳು, ನೀನು ಹೇಳಿದ್ದಷ್ಟೇ ಅವಳಿಗೆ ಗೊತ್ತು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಬೆಳಿಗ್ಗೆ ಸ್ಕೀ ಆಡಲು ಹೊರಡುವಾಗ ಬಿಲ್ಲೆಯ ಕೆಂಪು ಮುಖ ಮೇಲೆ ಮಾಡಬೇಕು. ಒಳಗೆ ಬಂದ ಮೇಲೆ ಹಸಿರು ಮುಖ ಮೇಲೆ ಮಾಡಬೇಕು. ಸಂಜೆ ನಾಲ್ಕೂವರೆಗೆ ಆ ವಾರದ ಯಜಮಾನನಾದವನು ಹಲಗೆಯ ಮುಂದೆ ನಿಂತು ಹೆಸರು ಓದುತ್ತಾನೆ. ಒಂದೇ ಒಂದು ಕೆಂಪು ಉಳಿದಿದ್ದರೂ ಎಲ್ಲರೂ ಮತ್ತೆ ಬೂಟು ಕಟ್ಟಿಕೊಂಡು ಹುಡುಕಲು ಹೊರಡಬೇಕು. ಆ ಕೆಂಪು ಸಾಮಾನ್ಯವಾಗಿ ನೆವ್‌ನದೇ. ಹೋಗುವಾಗ ತಿರುಗಿಸುತ್ತಿದ್ದ, ಬಂದಾಗ ಮರೆಯುತ್ತಿದ್ದ. ನಾವು ಬೂಟು ಹಾಕಿಕೊಂಡು ಬಾಗಿಲು ತೆಗೆಯುವಷ್ಟರಲ್ಲಿ ಒಲೆಯ ಹಿಂದಿನಿಂದ ಅವನ ದನಿ ಬರುತ್ತಿತ್ತು, "ಯಾರನ್ನ ಹುಡುಕ್ತಿದೀರ? ನಾನೂ ಬರ್ಲಾ?" ಮರೆತವರಿಗೆ ಶಿಕ್ಷೆ ಎಂದರೆ ರಾತ್ರಿಯ ಪಾತ್ರೆಯೆಲ್ಲ ತೊಳೆಯುವುದು. ಅವನು ತೊಳೆದರೆ ಎರಡು ಲೋಟವಾದರೂ ಒಡೆಯುತ್ತಿದ್ದವು. ಆಮೇಲೆ ಎಲ್ಲರೆದುರಿಗೂ ನಿನ್ನ ಮಂಗಳಾರತಿ. "ನಲವತ್ತು ವರ್ಷದ ಮಗು ಸಾಕ್ತಿದೀನಿ ಕಣ್ರೇ" ಅನ್ನುತ್ತಿದ್ದೆ. ಅವನು ನಗುತ್ತಲೇ ಕಿವಿ ಕೆಂಪಗೆ ಮಾಡಿಕೊಳ್ಳುತ್ತಿದ್ದ.

ಅವನು ಹಾಗೆ ಕೂರುವುದನ್ನು ನೋಡಲಾರದೆ ಅವನ ಬಿಲ್ಲೆಯನ್ನು ನಾನೇ ತಿರುಗಿಸಲು ಶುರು ಮಾಡಿದೆ. ಯಾವ ವರ್ಷದಿಂದ ಎಂದು ನೆನಪಿಲ್ಲ. ಬಟ್ಟೆ ಒಣಗಿಸುವ ಕೋಣೆಯಲ್ಲಿ ಅವನ ಒದ್ದೆ ಕೋಟು ಕಂಡರೆ ಸಾಕು, ಬಿಲ್ಲೆ ಹಸಿರಾಗುತ್ತಿತ್ತು. ಅವನಿಗೆ ಅದು ಗೊತ್ತಿತ್ತು. ನಾಲ್ಕೂವರೆಗೆ ಹೆಸರು ಓದುವಾಗ ಮೇಜಿನ ಆ ಕಡೆಯಿಂದ ಕಣ್ಣು ಹೊಡೆಯುತ್ತಿದ್ದ. "ನೆವ್ ಈಗೀಗ ಸುಧಾರಿಸಿದಾನೆ" ಎಂದು ನೀನು ಒಂದೆರಡು ಸಲ ಹೊಗಳಿದ್ದೂ ಉಂಟು, ನಾನು ತಿರುಗಿಸದ ದಿನ ಮತ್ತೆ ಬೈದದ್ದೂ ಉಂಟು. ನಾನೂ ಅವನೂ ನಿನ್ನ ಹೊಗಳಿಕೆ ನೆನೆದು ನಕ್ಕಿದ್ದೆವು.

ಇಷ್ಟು ಓದುವಷ್ಟರಲ್ಲಿ ನಿನಗೆ ತಿಳಿದಿರುತ್ತದೆ. ಆದರೂ ಪೂರ್ತಿ ಬರೆಯುತ್ತೇನೆ.

ಆ ವರ್ಷ ನೆವ್ ಮೊದಲಿನ ನೆವ್ ಆಗಿರಲಿಲ್ಲ, ನಿಜ. ಹಿಂದಿನ ವರ್ಷದ ಭೂಕಂಪದಲ್ಲಿ ಅವನ ವರ್ಕ್‌ಶಾಪು ಹೋದ ಮೇಲೆ ಮಾತು ಕಡಿಮೆಯಾಗಿತ್ತು. ಕ್ಲಬ್ಬಿನ ಸ್ಕೀ ವಾರದ ಆ ಗುರುವಾರ ಮಧ್ಯಾಹ್ನ ಬೆಟ್ಟದ ನಡುವಿನ ತಗಡಿನ ಮರೆಯಲ್ಲಿ ನಾವೆಲ್ಲ ಕೂತು ಬ್ರೆಡ್ಡು ತಿನ್ನುವಾಗ, ಇದೇ ಕೊನೆಯ ವರ್ಷ, ಇನ್ನು ಮೇಲೆ ತಾನು ಬರುವುದಿಲ್ಲ ಎಂದ. ವರ್ಷಪೂರ್ತಿ ನೀನು ಕಾಯುತ್ತಿದ್ದುದು ಆ ಒಂದು ವಾರಕ್ಕೆ. "ನೀನು ಬಂದ್ರೆಷ್ಟು, ಬಿಟ್ರೆಷ್ಟು" ಎಂದು ಅವನಿಗೆ ನೀನು ಅಂದುಬಿಟ್ಟೆ. ಅವನು ಬ್ರೆಡ್ಡಿನ ಚೂರನ್ನು ಹಕ್ಕಿಗೆ ಎಸೆದು, ಸ್ಕೀ ಕಟ್ಟಿಕೊಂಡು ಹೋದ. ನಿಮ್ಮ ನಡುವೆ ಅಂಥ ಜಗಳ ನೂರು ಆಗಿರಬಹುದು. ಅದು ಕೊನೆಯದಾದ್ದರಿಂದ ಅದೊಂದನ್ನೇ ಹಿಡಿದುಕೊಂಡು ಕೂತಿದ್ದೀಯ.

ಆ ದಿನ ನನಗೆ ರಾತ್ರಿಯ ಅಡುಗೆಯ ಸರದಿ. ಮೂರೂವರೆ ಹೊತ್ತಿಗೆ ಒದ್ದೆ ಬಟ್ಟೆ ಹರವಲು ಒಣಗಿಸುವ ಕೋಣೆಗೆ ಹೋದೆ. ನೆವ್‌ನ ನೀಲಿ ಕೋಟು ನೀರು ಸುರಿಸುತ್ತ ನೇತಾಡುತ್ತಿತ್ತು. ಬಾಗಿಲ ಪಕ್ಕದ ಹಲಗೆಯಲ್ಲಿ ಅವನ ಬಿಲ್ಲೆ ಕೆಂಪು. ಮಾಮೂಲಿನಂತೆ ಮರೆತಿದ್ದಾನೆ ಎಂದುಕೊಂಡೆ. ಮಧ್ಯಾಹ್ನ ಬೈಸಿಕೊಂಡಿದ್ದಾನೆ, ಸಂಜೆಯೂ ಬೈಸಿಕೊಳ್ಳುವುದು ಬೇಡ ಎಂದುಕೊಂಡೆ. ತಿರುಗಿಸಿದೆ. ಹಿಂದಕ್ಕೆ ಹೋಗಿ ಆಲೂಗಡ್ಡೆ ಸುಲಿಯತೊಡಗಿದೆ. ಅವನು ಒದ್ದೆ ಕೋಟು ಕಳಚಿ, ಮೊಳೆಗೆ ಯಾವಾಗಲೂ ಸಿಕ್ಕಿಸಿರುತ್ತಿದ್ದ ಕ್ಲಬ್ಬಿನ ಹಳೆಯ ಕಿತ್ತಳೆ ಕೋಟು ಹಾಕಿಕೊಂಡು ಇನ್ನೊಂದು ಸುತ್ತಿಗೆ ಹೋಗಿದ್ದಾನೆಂದು ನನಗೆ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ಮೋಡ ಇಳಿಯಿತು. ನಾಲ್ಕೂವರೆಗೆ ಗ್ರೇಮ್ ಹಲಗೆ ಓದಿ, "ಎಲ್ಲಾ ಹಸಿರು, ಟೀ ಕುಡೀರಿ" ಎಂದ. ಆರೂವರೆಗೆ ಸೂಪಿಗೆ ಕೂತಾಗ ನೆವ್ ಇರಲಿಲ್ಲ. "ಬಿಡ್ರೇ ಅವನನ್ನ, ಮೇಲೆ ಮಂಚದಲ್ಲಿ ಮುಖ ಊದಿಸ್ಕೊಂಡು ಮಲಗಿರ್ತಾನೆ. ಹಸಿವಾದ್ರೆ ತಾನೇ ಇಳಿದು ಬರ್ತಾನೆ" ಅಂದೆ ನೀನು. ಒಂದು ಗಂಟೆಯ ನಂತರ ಗ್ರೇಮ್ ಸೂಪಿನ ಬಟ್ಟಲು ಹಿಡಿದು ಮೇಲೆ ಹೋದವನು ಬಟ್ಟಲು ಹಿಡಿದುಕೊಂಡೇ ಕೆಳಗೆ ಬಂದ. ಮಂಚ ಖಾಲಿಯಿತ್ತು, ರಾತ್ರಿ ಮೋಡದಲ್ಲಿ ಹುಡುಕಿದರೂ ಸಿಗಲಿಲ್ಲ. ಮಾರನೆಯ ಬೆಳಿಗ್ಗೆ ಬಂಡೆಯ ಕೆಳಗಿನ ಕೊರಕಲಿನಲ್ಲಿ ಕಿತ್ತಳೆ ಕೋಟು ಕಂಡಿತು. ಸೊಂಟ ಮುರಿದಿತ್ತು. ರಾತ್ರಿ ಒಂಬತ್ತರವರೆಗೂ ಉಸಿರಾಡುತ್ತಿದ್ದಿರಬಹುದು ಎಂದರು ಡಾಕ್ಟರು. ನಾಲ್ಕೂವರೆಗೆ ಬಿಲ್ಲೆ ಕೆಂಪಗಿದ್ದಿದ್ದರೆ ಇನ್ನೂ ಒಂದು ಗಂಟೆಗೂ ಹೆಚ್ಚು ಬೆಳಕಿತ್ತು. ಈ ಲೆಕ್ಕವನ್ನು ನಾನು ಹನ್ನೆರಡು ವರ್ಷದಿಂದ ಹಾಕುತ್ತಿದ್ದೇನೆ.

ಹೇಳಬೇಕೆಂದೇ ಇದ್ದೆ. ಅವನು ಸಿಕ್ಕ ದಿನ ಮಧ್ಯಾಹ್ನ ನಿನ್ನ ಪಕ್ಕ ಬೆಂಚಿನ ಮೇಲೆ ಕೂತು ಬಾಯಿ ತೆರೆದೆ. ಅಷ್ಟರಲ್ಲಿ ನೀನೇ ಅಂದೆ, "ಒಳಗೆ ಬಂದಿದಾನೆ. ಬಿಲ್ಲೆ ತಿರುಗಿಸಿದಾನೆ. ಬೇರೆ ಕೋಟು ಹಾಕ್ಕೊಂಡು ಮತ್ತೆ ಹೋಗಿದಾನೆ. ಯಾರೂ ಹುಡುಕ್ಬಾರ್ದು ಅಂತಾನೇ ಅಲ್ವಾ?" ಆಗ "ಅಲ್ಲ, ತಿರುಗಿಸಿದ್ದು ನಾನು" ಎಂದಿದ್ದರೆ ಮುಗಿದಿತ್ತು. ಮೂರು ಪದ. ಬಾಯಿಂದ ಹೊರಡಲಿಲ್ಲ. ನಿನ್ನ ಕೈ ಹಿಡಿದುಕೊಂಡು ಸುಮ್ಮನೆ ಕೂತೆ, ಅದನ್ನು ನೀನು ಒಪ್ಪಿಗೆ ಎಂದುಕೊಂಡೆ. ಆಮೇಲೆ ಪೊಲೀಸಿನವರು ಕೇಳಿದಾಗ, ಊಟ ಮುಗಿಸಿ ಬಂದ ಮೇಲೆ ಅಡುಗೆಮನೆ ಬಿಟ್ಟು ಹೊರಗೇ ಬಂದಿರಲಿಲ್ಲ ಎಂದೆ. ಅದಾದ ಮೇಲೆ ನಿಜ ಹೇಳುವುದು ಪ್ರತಿ ವರ್ಷವೂ ಹಿಂದಿನ ವರ್ಷಕ್ಕಿಂತ ಕಷ್ಟವಾಗುತ್ತ ಹೋಯಿತು. ನಿನ್ನ ಹುಟ್ಟುಹಬ್ಬಕ್ಕೆ ಫೋನ್ ಮಾಡಿದಾಗಲೆಲ್ಲ ಈ ಸಲ ಹೇಳುತ್ತೇನೆ ಎಂದುಕೊಳ್ಳುವುದು, ಹವಾಮಾನದ ಮಾತಾಡಿ ಇಟ್ಟುಬಿಡುವುದು. ನೀನು ನನಗೆ "ನನಗಿರೋಳು ನೀನೊಬ್ಳೇ" ಅಂದಾಗಲಂತೂ ನೆಲ ಬಾಯಿಬಿಡಬಾರದೇ ಅನಿಸುತ್ತಿತ್ತು.

ಗ್ರೇಮ್‌ಗೆ ನಿನ್ನೆ ಹೇಳಿದೆ. ಹಲಗೆ ಓದಿದವನು ತಾನು ಎಂದು ಅವನೂ ಕೊರಗಿದ್ದಾನೆ, ಆ ವಾರದಿಂದ ಅವನು ಸ್ಕೀ ಕಟ್ಟಿಲ್ಲ. ಕೇಳಿದವನು ಎದ್ದು ಹಿತ್ತಲ ಶೆಡ್ಡಿಗೆ ಹೋದ. ಎರಡು ಗಂಟೆ ಬಿಟ್ಟು ಬಂದು ಬಾಗಿಲಲ್ಲೇ ನಿಂತು, "ಲಿನ್ಲಿಗೆ ಬರೆದ್ಯಾ?" ಎಂದು ಕೇಳಿದ. ಇನ್ನೂ ಇಲ್ಲ ಎಂದೆ. "ಹಾಗಾದ್ರೆ ನನ್ ಹತ್ರ ಮಾತಾಡ್ಬೇಡ, ಮೊದ್ಲು ಬರಿ" ಎಂದು ಮತ್ತೆ ಹೋದ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯೇನೋ ಎಂಬ ಭಯ ನನಗೆ. ಬ್ರಿಯೋನಿಗೆ ಹೇಳು, ಅಷ್ಟೇ. ಅವಳಪ್ಪ ಸಾಯಲು ಹೋದವನಲ್ಲ. ಅವನು ಎಂದಿನಂತೆ ಬಿಲ್ಲೆ ತಿರುಗಿಸಲು ಮರೆತ, ಆ ಒಂದು ದಿನ ಅವನ ಮರೆವೇ ಸರಿಯಾಗಿತ್ತು. ಕೆಡಿಸಿದ ಕೈ ನನ್ನದು.

ಬಿಲ್ಲೆಯನ್ನು ಸುಡಲಿಲ್ಲ. ಇದರ ಜೊತೆಗೇ ಇಟ್ಟಿದ್ದೇನೆ. ಬೀಚ್ ಮರದ ತುಂಡಿಗೆ ಅವನೇ ಕಾಯಿಸಿದ ಮೊಳೆಯಿಂದ ಸೊಟ್ಟಗೆ ಬರೆದ ಹೆಸರು ಇನ್ನೂ ಓದಲು ಬರುತ್ತದೆ. ಕೆಂಪು ಮುಖ ಮೇಲೆ ಮಾಡಿ ಬಟ್ಟೆಯಲ್ಲಿ ಸುತ್ತಿದ್ದೇನೆ. ಅವನು ಬಿಟ್ಟು ಹೋದದ್ದು ಹಾಗೆ.

ಇನ್ನೂ ಹಾಗೆ ಬರೆದುಕೊಳ್ಳಬಹುದಾದರೆ,
ನಿನ್ನ
ರೇವಿನ್

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಒಂದನ್ನು ಬಿಟ್ಟಿದ್ದೆ. ನಾವು ಒಳಗೆ ಹಾಕಿಕೊಳ್ಳುವ ಉಣ್ಣೆಯ ಚಪ್ಪಲಿಗಳು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿರುತ್ತಿದ್ದವಲ್ಲ. ಅಂದು ಮೂರೂವರೆಗೆ ನಾನು ಹೋದಾಗ ನೆವ್‌ನ ಚಪ್ಪಲಿ ಪೆಟ್ಟಿಗೆಯಲ್ಲಿರಲಿಲ್ಲ, ಒಣಗಿಸುವ ಕೋಣೆಯ ಬಿಸಿನೀರಿನ ಕೊಳವೆಯ ಮೇಲಿತ್ತು. ಒಳಗಿರುವವನ ಚಪ್ಪಲಿ ಅವನ ಕಾಲಲ್ಲಿರುತ್ತದೆ. ಮತ್ತೆ ಹೊರಗೆ ಹೋಗಿ ಬರುವವನು ಮಾತ್ರ ಅದನ್ನು ಬೆಚ್ಚಗಾಗಲು ಇಡುತ್ತಾನೆ. ಅದು ನನ್ನ ಕಣ್ಣಿಗೆ ಬಿತ್ತು, ಲಿನ್ಲಿ. ಬಿದ್ದರೂ ಕೈ ತಿರುಗಿಸಿತು. ಅದನ್ನು ಹೇಳಿದರೆ ನಾನು ಆ ಕೋಣೆಗೆ ಹೋಗಿದ್ದೆನೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು, ಅದಕ್ಕೇ ಯಾರಿಗೂ ಹೇಳಲಿಲ್ಲ. ಅವನ ಜೋಡಿಯ ಪಕ್ಕದಲ್ಲಿ ಇನ್ನೊಂದು ಜೋಡಿ ಇತ್ತು, ಹಿಮ್ಮಡಿಗೆ ತೇಪೆ ಹಾಕಿದ ನಿನ್ನ ಬೂದು ಚಪ್ಪಲಿ. ನಾಲ್ಕೂಕಾಲು ಗಂಟೆಗೆ ನೀನು ನಡುಗುತ್ತ ಬಂದು ಅದರಲ್ಲಿ ಕಾಲು ತೂರಿಸಿ, "ಆಹಾ, ಎಷ್ಟು ಬೆಚ್ಚಗಿದೆ. ನೀನಾ ಇಟ್ಟಿದ್ದು ರೇವಿನ್? ಪುಣ್ಯಾತ್ಗಿತ್ತಿ" ಅಂದೆ. ನಾನು ಹೂಂ ಅಂದೆ. ಇಟ್ಟದ್ದು ನಾನಲ್ಲ.