ನೀರು ಕದ್ದವರ ನೆಲಮಾಳಿಗೆ

ಮಾರ್ಗಿಲಾನ್, ಮೇ ೧೪, ಗುರುವಾರ

ಬೀದಿ ಕಾಲುವೆಯ ನೀರನ್ನು ಒಬ್ಬರೇ ತಡೆಹಿಡಿಯುವುದು ಕಳ್ಳತನ. ಮೇಲಿನ ಮನೆಯ ಶೋದಿಯರ್ ಅಣ್ಣ ತಮ್ಮ ಬಾಗಿಲ ಮುಂದಿನ ಕಾಲುವೆಗೆ ತಾವೇ ಪೈಪು ಹಾಕಿ, ಮೇಲೆ ಕಾಂಕ್ರೀಟ್ ಸುರಿದ ದಿನದಿಂದ ನಮ್ಮ ಅಂಗಳಕ್ಕೆ ಹನಿ ನೀರಿರಲಿಲ್ಲ. ನಾನೇ ಅಗೆದು ನೆಟ್ಟ ಟೊಮೆಟೊ ಸಸಿಗಳು ಬಾಡಿ ಜೋತುಬಿದ್ದಿದ್ದವು. ಇನ್ನೆರಡು ದಿನ ಹೀಗೇ ಆಗಿದ್ದರೆ ಸತ್ತೇ ಹೋಗುತ್ತಿದ್ದವು.

ಸಂಜೆ ‘ನೀರು ಎಲ್ಲರದು’ ಕರಪತ್ರ ಹಿಡಿದು ಹೋದೆ. ದಾರಿಯುದ್ದಕ್ಕೂ ಭಾಷಣ ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲು ತೆರೆದ ಅಣ್ಣ ಮೊಣಕಾಲವರೆಗೆ ಒದ್ದೆಯಾಗಿದ್ದರು, ಕೈಯಲ್ಲಿ ಬಕೆಟ್.

“ಕೂಗ್ಬೇಡ ಲೀಡರಮ್ಮ. ನೀರು ತಾನೇ? ನೆಲಮಾಳಿಗೆಗೆ ಬಾ, ಎಷ್ಟು ಬೇಕೋ ಹೊತ್ಕೊಂಡ್ ಹೋಗು.”

ಪೈಪಿನ ವಾಟ ಅವರ ಮನೆಯ ಕಡೆಗೇ ಇತ್ತು! ಕೆಳಗೆ ಆಲೂಗಡ್ಡೆಗಳು ನೀರಲ್ಲಿ ಮುಳುಗಿದ್ದವು.

“ಪೈಪ್ ಹಾಕೋವಾಗ ಬೀದಿಯವರನ್ನ ಕರೀಬಾರದಿತ್ತಾ ಅಣ್ಣಾ?”

“ಕೆಲಸಕ್ಕೆ ಕರೆದ್ರೆ ಅಷ್ಟೂ ಜನಕ್ಕೆ ಪಲಾವ್ ಹಾಕ್ಬೇಕಲ್ಲ!”

ಒಳಗಿನಿಂದ ಅವರ ಹೆಂಡತಿ ಕೂಗಿದರು: “ಉಳಿಸಿದ ಅಕ್ಕೀನೂ ನೋಡ್ಕೊಂಡ್ ಹೋಗಮ್ಮ, ಅದೂ ಅಲ್ಲೇ ನೆನೀತಿದೆ!”

ನಗು ತಡೆಯಲಾಗಲಿಲ್ಲ, ಭಾಷಣ ಮರೆತೇ ಹೋಯಿತು. ಅಣ್ಣನೂ ನಾನೂ ಹಾರೆ ಹಿಡಿದು ಕಾಂಕ್ರೀಟ್ ಒಡೆದು ಪೈಪು ಕಿತ್ತೆವು. ಕತ್ತಲಾಗುವ ಹೊತ್ತಿಗೆ ನೀರು ಕೆಸರನ್ನೂ ಹಿಪ್ಪುನೇರಳೆ ಎಲೆಗಳನ್ನೂ ಹೊತ್ತು ನಮ್ಮ ಅಂಗಳಕ್ಕೆ ನುಗ್ಗಿತು. ನಾನು ಬರಿಗಾಲಲ್ಲಿ ಅದರ ಜೊತೆಗೇ ಓಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಆದರೂ ಹಾಡಬೇಕೆನಿಸುತ್ತಿದೆ. ಯಾವ ಕರಪತ್ರದಲ್ಲೂ ಈ ಸಂತೋಷದ ಬಗ್ಗೆ ಒಂದು ಸಾಲೂ ಇಲ್ಲ. ನಾನೇ ಬರೆಯಬೇಕು, ಆದರೆ ಈಗ ಕಣ್ಣು ಎಳೆಯುತ್ತಿದೆ.

ಪೈಪನ್ನು ಸರಿಯಾಗಿ ಕೂರಿಸಲು ಬೀದಿಯವರೆಲ್ಲ ಸೇರುತ್ತೇವೆ. ಪಲಾವ್ ಅಣ್ಣನದೇ. ಭಾನುವಾರ ಬೆಳಿಗ್ಗೆ ಆರಕ್ಕೆ, ಅವರ ಬಾಗಿಲಲ್ಲಿ.