ನಲವತ್ತೊಂದನೆಯ ಪುಡಿ

ಮಾರ್ಚ್ ೧೧, ಮಂಗಳವಾರ
ಲ್ಯಾಬಿನಲ್ಲಿ, ಊಟದ ಬಿಡುವು

ರೀ,

ಹೀಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ ತಿಳಿಯದು. ಬೇರೆ ಹೇಗೆ ಕರೆದೂ ನನಗೆ ಅಭ್ಯಾಸವಿಲ್ಲ. ನೀವು ಅಂಗಡಿಯೊಂದರಲ್ಲಿ ಬಣ್ಣ ಕಲಸುವ ಕೆಲಸಕ್ಕೆ ಸೇರಿದ್ದೀರೆಂದು ನಿಮ್ಮ ತಮ್ಮ ಫೋನಿನಲ್ಲಿ ಹೇಳಿದ. ನನ್ನ ಕೈಗುಣ ಸತ್ತೋಯ್ತು, ಇನ್ನು ಲ್ಯಾಬಿನ ಕಡೆ ತಲೆ ಹಾಕಿನೂ ಮಲಗಲ್ಲ ಅಂತ ನೀವು ಅಂದಿರಂತೆ.

ನಿಮ್ಮ ಕೈಗೆ ಏನೂ ಆಗಿಲ್ಲ. ತಪ್ಪು ನನ್ನದು.

ನಮ್ಮ ಕೆಲಸವನ್ನು ನಿಮಗೇ ವಿವರಿಸುವುದು ನಗೆಪಾಟಲು. ಆದರೂ ಮೊದಲಿನಿಂದ ಶುರುಮಾಡದಿದ್ದರೆ ನನಗೆ ಬಾಯಿ ಬರುವುದಿಲ್ಲ. ಬಿಳಿ ಸಿಲಿಕಾ ಪುಡಿಯನ್ನು ನಾನು ಫರ್ನೇಸಿನಲ್ಲಿ ಒಣಗಿಸಿ ಕೊಡುವುದು. ಗಾಳಿ ಸೋಕದ ಗಾಜಿನ ಪೆಟ್ಟಿಗೆಯಲ್ಲಿ, ರಬ್ಬರ್ ಕೈಗವಸಿನೊಳಗೆ ಕೈ ತೂರಿಸಿ, ನೀವು ಅದಕ್ಕೆ ಜಿರ್ಕೋನಿಯಂ ಲೋಹ ಹಿಡಿಸುವುದು. ಆಮೇಲೆ ಎಥಿಲೀನ್ ಅನಿಲ ಬಿಟ್ಟರೆ ಕಣಕಣದ ಮೇಲೂ ಪ್ಲಾಸ್ಟಿಕ್ ಬೆಳೆಯಬೇಕು. ಪುಡಿಯಲ್ಲಿ ಪಸೆ ಉಳಿದರೆ ಲೋಹ ಕೆಟ್ಟಿತು. ಅದಕ್ಕೇ ನನಗೆ ಒಲೆಯಮ್ಮ ಅಂತ ಹೆಸರಿಟ್ಟಿರಿ. ಇನ್ನೂರು ಡಿಗ್ರಿ, ಎಂಟು ಗಂಟೆ. ನಲವತ್ತು ಸಲ ಹಾಗೇ ಮಾಡಿದೆವು, ನಲವತ್ತು ಸಲವೂ ಅಷ್ಟಕ್ಕಷ್ಟೇ.

ನಲವತ್ತೊಂದನೆಯದು ಎದ್ದಿತು, ರಿಯಾಕ್ಟರ್ ತುಂಬ ಪ್ಲಾಸ್ಟಿಕ್ ಕೊಟ್ಟಿತು. ನೀವು ಸಿಹಿ ತಂದಿರಿ. ಅದನ್ನು ಬಾಯಿಗಿಡುವ ಮೊದಲೇ ನಾನು ಅತ್ತುಬಿಟ್ಟೆ. ನೋಡಿ, ನಮ್ಮ ಒಲೆಯಮ್ಮ ಖುಷಿಗೆ ಅಳ್ತಿದಾಳೆ ಅಂತ ಎಲ್ಲರನ್ನೂ ಕರೆದು ತೋರಿಸಿದಿರಿ.

ಆ ಪುಡಿ ಇನ್ನೂರರಲ್ಲಿ ಒಣಗಿದ್ದಲ್ಲ ರೀ. ನೀವು ಆ ವಾರ ಪರವೂರಿನ ಸಭೆಗೆ ಹೋಗಿದ್ದಿರಿ. ನನಗೆ ಬೆಳಿಗ್ಗೆಯೇ ಹೊಟ್ಟೆನೋವು ತಡೆಯಲಾಗಲಿಲ್ಲ. ಫರ್ನೇಸ್ ಆರಿಸಿ, ಅಕ್ಕನ ಮನೆಗೆ ಹೋಗಿ ಮಲಗೋಣವೆಂದು ಹೊರಟೆ. ಅವಸರದಲ್ಲಿ ಶಾಖದ ಗುಂಡಿಯನ್ನು ಎಡಕ್ಕೆ ತಿರುಗಿಸುವ ಬದಲು ಬಲಕ್ಕೆ ತಿರುಗಿಸಿದ್ದೆ. ಮೂರು ದಿನ ಬಿಟ್ಟು ಬಂದು ನೋಡಿದರೆ ಮುಳ್ಳು ಆರುನೂರರಲ್ಲಿ ನಿಂತಿತ್ತು. ನಿಜ ಬರೆದರೆ ಮೂರು ದಿನ ಎಲ್ಲಿದ್ದೆ, ಎಂಥ ಹೊಟ್ಟೆನೋವು ಎಂದೆಲ್ಲ ನೀವು ಕೇಳುತ್ತಿದ್ದಿರಿ. ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಎಂದಿನಂತೆ ಇನ್ನೂರು, ಎಂಟು ಗಂಟೆ ಎಂದು ಬರೆದೆ.

ಆ ಸಾಲನ್ನು ನಂಬಿ ನೀವು ನೂರಾ ಹದಿನೆಂಟರ ತನಕ ಹೋದಿರಿ. ಒಂದೂ ಏಳಲಿಲ್ಲ. ಆರುನೂರೇ ಕಾರಣವೆಂದು ನನಗೆ ಐವತ್ತನೆಯದಕ್ಕೇ ಹೊಳೆದಿತ್ತು. ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಪೆಟ್ಟಿಗೆಯೊಳಗೆ ನೀವು ಅದೇ ಪುಡಿಯನ್ನು ಮತ್ತೆ ಮತ್ತೆ ತೂಗುವುದನ್ನು ಗಾಜಿನ ಈಚೆಯಿಂದ ನೋಡಿದೆ. ಆ ಮೊದಲ ಫಲವೇ ಕಟ್ಟುಕಥೆ ಇರಬಹುದು ಎಂದು ನಿರ್ದೇಶಕರು ಎಲ್ಲರೆದುರಿಗೆ ಅಂದಾಗಲೂ ಪಕ್ಕದಲ್ಲೇ ನೆಲ ನೋಡುತ್ತ ಕೂತಿದ್ದೆ. ಆ ಸಂಜೆ ನೀವು ಚೀಲ ಕಟ್ಟಿದಿರಿ. ನಿನ್ನ ಮುಖ ನೋಡಿದ್ರೆ ಸೋತಿದ್ದೇ ನೆನಪಾಗತ್ತೆ ಅಂದಿರಿ. ಬಾಗಿಲವರೆಗೂ ಬಂದೆ, ಹೇಳಲಿಲ್ಲ. ನನ್ನಷ್ಟು ಕಲ್ಲುಮನಸ್ಸು ಯಾರಿಗಿದೆ ಹೇಳಿ.

ಕಳೆದ ವಾರ ಪುಡಿಯನ್ನು ಆರುನೂರರಲ್ಲಿ ಒಣಗಿಸಿ ನಾನೇ ಪೆಟ್ಟಿಗೆಗೆ ಕೈ ಹಾಕಿದೆ. ನಿಮ್ಮ ಕೈಗವಸು ನನಗೆ ದೊಡ್ಡದು, ಬೆರಳ ತುದಿಗಳು ಜೋಲುತ್ತವೆ. ನನ್ನ ಒರಟು ಕೈಯಲ್ಲಿ ಮಾಡಿದ್ದೂ ಎದ್ದು ಬಂತು. ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ನಿರ್ದೇಶಕರ ಮೇಜಿನ ಮೇಲೆ ಇಟ್ಟಿದ್ದೇನೆ. ನನ್ನ ಕೆಲಸ ಹೋದರೆ ಹೋಗಲಿ. ನೀವು ವಾಪಸ್ ಬನ್ನಿ, ಲ್ಯಾಬಿಗೆ. ಮನೆಗೆ ಬನ್ನಿ ಎನ್ನಲು ನನಗೆ ಮುಖವಿಲ್ಲ.

ಇಂತಿ,
ನಿಮ್ಮ ಒಲೆಯಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಆ ಮೂರು ದಿನ ನಾನು ಅಕ್ಕನ ಮನೆಯಲ್ಲಿರಲಿಲ್ಲ, ಆಸ್ಪತ್ರೆಯಲ್ಲಿದ್ದೆ. ನನಗೆ ಮೂರು ತಿಂಗಳಾಗಿತ್ತು. ಮೊದಲು ಈ ಪುಡಿ ಏಳಲಿ, ಮಗು ಆಮೇಲೆ ಅಂತ ನೀವು ಹೇಳುತ್ತಿದ್ದಿರಿ. ಅದಕ್ಕೇ ಬಸಿರು ನಿಂತಿದೆ ಎಂದೂ ಹೇಳಲಿಲ್ಲ, ಹೋಯಿತು ಎಂದೂ ಹೇಳಲಿಲ್ಲ. ನೀವು ಸಿಹಿ ತಂದಾಗ ನಾನು ಆಸ್ಪತ್ರೆಯಿಂದ ಬಂದು ಆರು ದಿನವಾಗಿತ್ತು. ಖುಷಿಗೆ ಅತ್ತಿದ್ದಲ್ಲ ರೀ.