ಹಳೇ ಪೆಟ್ರೋಲ್

೩ ಫೆಬ್ರುವರಿ ೨೦೦೮, ಭಾನುವಾರ

ಇವತ್ತೂ ಸ್ಟಾರ್ಟ್ ಆಗಲಿಲ್ಲ. ಹಗ್ಗ ಎಳೆದು ಎಳೆದು ಅಂಗೈ ಕೆಂಪಗಾಯಿತು. ಒಂದು ಸಲ ಗೊರಕೆ ಹೊಡೆದ ಹಾಗೆ ಸದ್ದು ಬಂತು. ಅಷ್ಟೇ.

ಕಿರಣ ಹೋದಮೇಲೆ ಮರ ಕೊಯ್ಯುವ ಈ ಚೈನ್‌ಸಾ ಮುಟ್ಟಿದವರಿಲ್ಲ. ಹೋದ ಆಗಸ್ಟಿನ ಗಾಳಿಮಳೆಗೆ ನಮ್ಮ ಬೀದಿಯ ಬೇವಿನಮರ ಬಿತ್ತು. ಶನಿವಾರ ಪೂರ್ತಿ ಕಿರಣ ಅದನ್ನು ಕೊಯ್ದ. ಸನತ್‌ನಗರದ ಅರ್ಧ ಜನ ನಿಂತು ನೋಡಿದರು. ಒಂದು ದಪ್ಪ ತುಂಡನ್ನು ನಾಲ್ಕು ಜನರ ಕೈಲಿ ಟೆರೇಸಿಗೆ ಹೊರಿಸಿದ. ಅವನ ಅವ್ವ ರೊಟ್ಟಿ ಬಡಿಯುವಾಗ ಕೂರಲು ಮಣೆ ಮಾಡುತ್ತಾನಂತೆ. ಅರ್ಧ ಕೊಯ್ಯುವಷ್ಟರಲ್ಲಿ ಕತ್ತಲಾಯಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಟ್ಯಾಂಕ್ ತುಂಬಿಸಿಟ್ಟ. "ಉಳಿದದ್ದು ಮುಂದಿನ ಐತವಾರ" ಅಂದ. ಗುರುವಾರ ಪಟಾನ್‌ಚೆರು ಫ್ಯಾಕ್ಟರಿಯಿಂದ ಬೈಕಿನಲ್ಲಿ ಬರುವಾಗ ಲಾರಿ...

ಆ ಪೆಟ್ರೋಲ್ ಅವನ ಕೈಯಿಂದ ಬೆರೆಸಿದ್ದು. ಆ ಮಣೆ ಅದರಲ್ಲೇ ಮುಗಿಯಬೇಕು. ಹುಚ್ಚು ಅಂದರೆ ಅನ್ನಲಿ.

೫ ಫೆಬ್ರುವರಿ. ಆಫೀಸ್, ಊಟದ ಹೊತ್ತು

ಇಂಟರ್ನೆಟ್ಟಿನಲ್ಲಿ ಅವನ ಫೋರಮ್ಮಿಗೆ ಸೇರಿದೆ. ಚೈನ್‌ಸಾ ಪ್ರಿಯರ ಕೂಟ! ಮೊದಲೆಲ್ಲ ಚಹಾ ಕುಡಿಯುತ್ತ ನನಗೆ ಓದಿ ಹೇಳುತ್ತಿದ್ದ. "ನೋಡಿಲ್ಲಿ ಸಂಯೂ, ಮತ್ತ ಅದ ಪ್ರಶ್ನೆ! ಯಾವ ಮಶೀನ್ ತಗೋಬೇಕು, ಯಾವ ಆಯಿಲ್ ಹಾಕಬೇಕು. ಇವ್ರಿಗೆ ಬ್ಯಾರೆ ಕೆಲಸ ಇಲ್ಲ." ನಗುತ್ತಿದ್ದೆ. ಅಲ್ಲಿರುವವರಲ್ಲಿ ಅರ್ಧ ಜನ ನನ್ನ ಹಾಗೆ ಸಾಫ್ಟ್‌ವೇರಿನವರು. ಊರಾಚೆ ಪ್ಲಾಟ್ ತಗೊಂಡಿದ್ದಾರೆ, ಆನ್‌ಸೈಟ್ ಅಂತ ವಿದೇಶಕ್ಕೆ ಹೋದಾಗ ಚೈನ್‌ಸಾ ತಂದಿದ್ದಾರೆ. ನುಗ್ಗೆಕೊಂಬೆಯನ್ನೂ ಕೊಯ್ದಿರುವುದಿಲ್ಲ, ಸಲಹೆ ಮಾತ್ರ ಸಾಗವಾನಿ ಮರ ಉರುಳಿಸಿದವರ ಹಾಗೆ. ನಮ್ಮ ಕಡೆಯವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಾರೆ.

ಹೆಸರು 'ತಾಯಪ್ಪ' ಅಂತ ಕೊಟ್ಟೆ. ಹೆಣ್ಣು ಅಂತ ತಿಳಿದರೆ ಪೆಟ್ರೋಲ್ ಬಿಟ್ಟು ಉಳಿದದ್ದೆಲ್ಲ ಕೇಳುತ್ತಾರೆ. ಬರೆದೆ: ಆರು ತಿಂಗಳಿಂದ ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಸ್ಟಾರ್ಟ್ ಆಗುತ್ತಿಲ್ಲ, ಅದನ್ನು ಚೆಲ್ಲದೆ ಸ್ಟಾರ್ಟ್ ಮಾಡುವ ದಾರಿ ಇದೆಯೇ?

ಮೇಲೆ ಕೆಂಪು ಅಕ್ಷರದಲ್ಲಿ ಫೋರಮ್ಮಿನ ನಿಯಮ: ಕೇಳುವ ಮೊದಲು ಹುಡುಕಿ. ನಾನು ಹುಡುಕಲಿಲ್ಲ. ಒಂದು ಸಲ ಹುಡುಕಿದ್ದೆ — ಮೊದಲು ಬಂದದ್ದೇ 'ರಾಯಚೂರ್ ರವಿ', ಕಿರಣ ಅಲ್ಲಿ ಇಟ್ಟುಕೊಂಡಿದ್ದ ಹೆಸರು. ಗಾಗಲ್ಸ್ ಹಾಕಿಕೊಂಡು ನಗುವ ಫೋಟೋ. ವಿಂಡೋ ಮುಚ್ಚಿ ವಾಶ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

೬ ಫೆಬ್ರುವರಿ

ಉತ್ತರಗಳ ಸುರಿಮಳೆ. ಎಲ್ಲರದೂ ಒಂದೇ: ಹಳೇದು ಚೆಲ್ಲಿ. ಅದರ ಜೊತೆ ಒಬ್ಬೊಬ್ಬರ ಬಾಲ. ಒಬ್ಬ ಪ್ಲಗ್ ತೆಗೆದು ಒಲೆ ಮೇಲೆ ಕಾಯಿಸು ಅಂತಾನೆ. ಇನ್ನೊಬ್ಬ ಮಶೀನನ್ನು ತಲೆಕೆಳಗಾಗಿ ನೇತುಹಾಕು ಅಂತಾನೆ. ಮತ್ತೊಬ್ಬ ಕೇಳದೇ ಇದ್ದರೂ ಚೈನಿಗೆ ಹರಳೆಣ್ಣೆ ಒಳ್ಳೆಯದು ಅಂತ ಪ್ರವಚನ. ಕುರುಡ ಕುರುಡನಿಗೆ ದಾರಿ ತೋರಿಸಿದ ಹಾಗೆ.

ಕೊನೆಯಲ್ಲಿ ಅಮರಯ್ಯ ಅನ್ನುವವರು. ಫೋರಮ್ಮಿನ ಮೇಲ್ವಿಚಾರಕರು, ಡಿಫೆನ್ಸ್ ಫ್ಯಾಕ್ಟರಿಯಿಂದ ರಿಟೈರ್ ಆದವರಂತೆ. "ತಾಯಪ್ಪನವರ, ಹುಡುಕಿ ನೋಡ್ರಿ, ಇದಕ್ಕ ಉತ್ತರ ಐತಿ."

೨೧ ಫೆಬ್ರುವರಿ

ಮತ್ತೆ ಕೇಳಿದೆ. ಈ ಸಲ 'ಸೀತಾರಾಮ'. ಆರು ತಿಂಗಳ ಬದಲು ಮೂರು ತಿಂಗಳು ಅಂತ ಬರೆದೆ. ನನ್ನ ಕೆಲಸವೇ ಅದು ತಾನೇ — ಟೆಸ್ಟಿಂಗ್. ಒಂದು ವಿವರ ಬದಲಿಸು, ಮತ್ತೆ ಓಡಿಸು, ಫಲಿತ ಬದಲಾಗುತ್ತಾ ನೋಡು.

ಬದಲಾಗಲಿಲ್ಲ. ಚೆಲ್ಲಿ, ಚೆಲ್ಲಿ, ಚೆಲ್ಲಿ. ಒಬ್ಬನಂತೂ ವಾರಕ್ಕೊಬ್ಬ ಪೆದ್ದ ಇದೇ ಕೇಳ್ತಾನೆ ಅಂತ ಬರೆದಿದ್ದಾನೆ. ಪೆದ್ದ ಅಲ್ಲ ಕಣಪ್ಪಾ, ಪೆದ್ದಿ.

೧೨ ಏಪ್ರಿಲ್, ಶನಿವಾರ

ಅತ್ತೆ ರಾಯಚೂರಿನಿಂದ ಬಂದಿದ್ದಾರೆ. ಈ ವರ್ಷ ಯುಗಾದಿ ಇಲ್ಲ. ನಾನು ಒಬ್ಬಳೇ ಇರಬಾರದು ಅಂತ ಬಂದವರು. ಬೆಳಗ್ಗೆ ಎದ್ದು ಇಡೀ ಮನೆ ಗುಡಿಸಿದರು, ಕಪಾಟು ತೆಗೆದರು, ಸ್ಟೋರಿನಿಂದ ಮಶೀನನ್ನೂ ಎಳೆದರು.

"ಇದರೊಳಗ ಪೆಟ್ರೋಲ್ ಐತೇನ? ನಾತ ನೋಡು. ಮನಿ ಸುಡ್ತೀ ಏನ? ತಗೀ, ಮೋರಿಗೆ ಚೆಲ್ತೀನಿ."

"ಮುಟ್ಟಬ್ಯಾಡ್ರಿ!" ಅಂತ ಕಿರುಚಿಬಿಟ್ಟೆ. ಇಷ್ಟು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದವಳಲ್ಲ.

ಅವರು ಕೈ ತೆಗೆದರು. ಆಮೇಲೆ ಮೆಲ್ಲಗೆ, "ಅಂವ ಹಾಕಿದ್ದಾ?" ಅಂದರು. ತಲೆ ಆಡಿಸಿದೆ. ತಮ್ಮ ಸೆರಗಿನಿಂದಲೇ ಟ್ಯಾಂಕಿನ ಧೂಳು ಒರೆಸಿ, ಒಲೆಯಿಂದ ದೂರ, ದೇವರ ಕೋಣೆಯ ಬಾಗಿಲ ಪಕ್ಕ ತಂದಿಟ್ಟರು. ಇವತ್ತು ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

೨೨ ಜೂನ್

ಮನೆ ಓನರ್ ಶಾಮಲಾ ಆಂಟಿ ಮೆಟ್ಟಿಲಲ್ಲಿ ಹಿಡಿದುಕೊಂಡರು. "ಅಮ್ಮಾ, ಪೈನ ಆ ಮೊದ್ದು ಎಪ್ಪುಡು ತೀಸ್ತಾರು?" ಮೊದ್ದು ಅಂದರೆ ಬೇವಿನ ತುಂಡು, ಮೇಲಿಂದ ಅದನ್ನು ಯಾವಾಗ ತೆಗೆಯುತ್ತೀರಿ ಅಂತ. ಟೆರೇಸಿನಲ್ಲಿ ಪೆಂಟ್‌ಹೌಸ್ ಕಟ್ಟಿಸುತ್ತಾರಂತೆ, ಐಟಿ ಹುಡುಗರಿಗೆ ಬಾಡಿಗೆಗೆ. ಶ್ರಾವಣ ಬಂದರೆ ಕೆಲಸ ಶುರು. ಅಷ್ಟರಲ್ಲಿ ತೆಗೆಯದಿದ್ದರೆ ಮೇಸ್ತ್ರಿ ಕೈಲಿ ಒಡೆಸಿ ಸೌದೆಗೆ ಕೊಡುತ್ತಾರೆ.

ಅವನು ಕೊಯ್ದ ಗೆರೆಯಲ್ಲಿ ಬೆರಳು ಆಡಿಸಿದೆ. ಧೂಳು ತುಂಬಿಕೊಂಡಿದೆ.

೧೯ ಜುಲೈ

ಮೂರನೇ ಹೆಸರು: 'ಸುಬ್ಬಣ್ಣ'. ಈ ಸಲ ನಿಜವನ್ನೇ ಬರೆದೆ, ಹತ್ತಿರ ಹತ್ತಿರ ಒಂದು ವರ್ಷ ಅಂತ.

ಮತ್ತೆ ಅದೇ ಭಜನೆ. ಆದರೆ ಒಬ್ಬ — 'ಸಾ ಸುಲ್ತಾನ್' ಅಂತ ಹೆಸರು — ಬೇರೆ ಹೇಳಿದ. ಚೆಲ್ಲುವ ಅಗತ್ಯವೇ ಇಲ್ಲ. ಅರ್ಧ ಬಾಟಲಿಗೆ ತೆಗೆದಿಡಿ. ಉಳಿದ ಅರ್ಧಕ್ಕೆ ಹೊಸ ಪೆಟ್ರೋಲ್ ಹಾಕಿ, ಸ್ವಲ್ಪ ಪೇಂಟ್ ಥಿನ್ನರ್ ಬಿಡಿ. ಆಯಿಲ್ ಬೇಡ, ಹಳೇದರಲ್ಲಿ ಇದ್ದೇ ಇದೆ. ತಾನು ಬೇಕಾದಷ್ಟು ಸಲ ಮಾಡಿದ್ದಾನಂತೆ.

ಅಮರಯ್ಯನವರು ಕೂಡಲೇ ಬರೆದರು, "ಹಂಗ ಮಾಡಬ್ಯಾಡ್ರಿ, ಸುಲ್ತಾನ್ ಹೇಳೂದು ತಪ್ಪು." ಇಬ್ಬರೂ ಎರಡು ಪುಟ ಜಗಳ ಆಡಿದರು.

ಆಫೀಸಿನಲ್ಲಾಗಿದ್ದರೆ ನಾನು ಏನು ಮಾಡುತ್ತಿದ್ದೆ ಗೊತ್ತು. ಎಲ್ಲರೂ ಒಂದು ಹೇಳಿ ಒಬ್ಬ ಬೇರೆ ಹೇಳಿದರೆ, ಆ ಒಬ್ಬನ ಬುಡ ಅಲ್ಲಾಡಿಸಿ ನೋಡುತ್ತಿದ್ದೆ. ಆದರೆ ಇಷ್ಟು ತಿಂಗಳು ನಾನು ಕಾದದ್ದೇ ಆ ಒಬ್ಬನಿಗಾಗಿ. ಸುಲ್ತಾನನಿಗೆ ಥ್ಯಾಂಕ್ಸ್ ಬರೆದೆ.

೩ ಆಗಸ್ಟ್, ಭಾನುವಾರ

ಬರೆಯಬೇಕು.

ಬೆಳಗ್ಗೆ ಹತ್ತರ ಸುಮಾರಿಗೆ ಟೆರೇಸಿಗೆ ಹೊತ್ತೊಯ್ದೆ. ಕೆಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದ ಸದ್ದು. ಸುಲ್ತಾನ್ ಹೇಳಿದಂತೆಯೇ ಎಲ್ಲ ಮಾಡಿದ್ದೆ. ಅರ್ಧ ಬಾಟಲಿಯಲ್ಲಿ, ಅರ್ಧ ಟ್ಯಾಂಕಿನಲ್ಲಿ. ಎರಡೂ ಕೈ ಬಿಗಿ, ಕಾಲು ಅಗಲ — ಕಿರಣ ಒಂದು ಸಲ ತಮಾಷೆಗೆ ಕಲಿಸಿದ್ದು. ಹಗ್ಗ ಎಳೆದೆ. ಗೊರಕೆ. ಮತ್ತೆ ಎಳೆದೆ. ಮತ್ತೆ.

ಹತ್ತಿಕೊಂಡಿತು!

ನೀಲಿ ಹೊಗೆ. ಅದೇ ವಾಸನೆ, ಅವನ ಭಾನುವಾರದ ಅಂಗಿಯ ವಾಸನೆ. ಅಳುತ್ತಲೇ ಚೈನನ್ನು ಅವನ ಗೆರೆಯೊಳಗೆ ಇಳಿಸಿದೆ. ಬೇವಿನ ಪುಡಿ ಪಾದದ ಮೇಲೆ ಸುರಿಯಿತು. ದೇವರೇ, ಎಷ್ಟು ಸಂತೋಷವಾಯಿತು ನನಗೆ.

ಅತ್ತೆ ಮೆಟ್ಟಿಲು ಓಡಿ ಬಂದರು. ಮೊಣಕೈವರೆಗೂ ಜೋಳದ ಹಿಟ್ಟು. "ಬಂದನೇನ?" ಅಂದರು, ಸದ್ದಿನ ಮೇಲೆ ಕೂಗಿ. ಆಮೇಲೆ ನನ್ನನ್ನು ನೋಡಿದರು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ನಾನು ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು. ಸದ್ದು ಏರಿತು, ತೆಳ್ಳಗಾಯಿತು, ಚೀರಿತು. ಆಮೇಲೆ ಕರ್ ಅಂತ ಒಂದು ಸಲ... ಅಷ್ಟೇ. ಹಗ್ಗ ಎಳೆದರೆ ಕಲ್ಲು. ಬ್ಲೇಡು ತುಂಡಿನಲ್ಲಿ ಸಿಕ್ಕಿಕೊಂಡಿದೆ. ಇನ್ನು ನಾಲ್ಕು ಬೆರಳು ಕೊಯ್ದಿದ್ದರೆ ಮಣೆ ಬೇರೆಯಾಗುತ್ತಿತ್ತು.

ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ತಲೆ ಹಿಡಿದುಕೊಂಡರು. "ಸಪ್ಪಳಾ ಕೇಳಿಸ್ತಲ್ಲವ್ವಾ. ಸಾಕು. ಅಷ್ಟ ಸಾಕು." ನನಗೆ ಸಾಕಾಗಲಿಲ್ಲ.

೬ ಆಗಸ್ಟ್

ಮೆಕ್ಯಾನಿಕ್ ನೋಡಿದ. "ಪಿಸ್ಟನ್ ಸೀಜ್ ಹೋಗಯಾ ಮೇಡಂ. ತೇಲ್ ಹೀ ನಹೀ ಥಾ." ಆಯಿಲ್ ಸಾಲದೆ ಪಿಸ್ಟನ್ ಸುಟ್ಟು ಒಳಗೇ ಸಿಕ್ಕಿಕೊಂಡಿದೆಯಂತೆ.

ಆಯಿಲ್ ಬೇಡ ಅಂದಿದ್ದನಲ್ಲ ಸುಲ್ತಾನ್. ಅವನನ್ನು ಬಯ್ಯಲೂ ಮನಸ್ಸಿಲ್ಲ. ನನಗೆ ಬೇಕಾದ ಮಾತನ್ನೇ ಹೇಳಿದ, ಪಾಪ.

೯ ಆಗಸ್ಟ್, ಶನಿವಾರ. ಮಧ್ಯಾಹ್ನ

ಆದದ್ದನ್ನು ಸುಬ್ಬಣ್ಣನ ಹೆಸರಲ್ಲೇ ಫೋರಮ್ಮಿನಲ್ಲಿ ಬರೆದೆ. ಸುಲ್ತಾನ್ ನಾಪತ್ತೆ. ಅಮರಯ್ಯನವರ ಉತ್ತರ ಬಂದಿದೆ.

"ಸುಬ್ಬಣ್ಣ, ಮಶೀನ್ ಹೋಗಿದ್ದಕ್ಕ ಭಾಳ ಬ್ಯಾಸರಾತು. ಹುಡುಕಿದ್ರ ಸಿಗ್ತಿತ್ತು. ನಿಮ್ಮ ಪ್ರಶ್ನೆಗೆ ನಮ್ಮ ರಾಯಚೂರ್ ರವಿ ಎರಡು ವರ್ಷದ ಹಿಂದನ ಬರೆದಾರ, ಕೆಳಗ ಲಿಂಕ್ ಕೊಟ್ಟೀನಿ. ಅವರು ಯಾಕೋ ಈಗ ಬರೂದಿಲ್ಲ. ಬಂದಿದ್ರ ನಿಮಗ ಛಲೋ ಬೈತಿದ್ರು."

ಅವರಿಗೆ ಗೊತ್ತಿಲ್ಲ. ಅಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಬೇಕಾದವಳು ನಾನೇ, ತಾಯಪ್ಪ ಸೀತಾರಾಮ ಅಂತ ಆಟ ಆಡಿಕೊಂಡಿದ್ದೆ.

ಲಿಂಕ್ ಒತ್ತಿದೆ. ಗಾಗಲ್ಸ್ ಫೋಟೋ. ಈ ಸಲ ಮುಚ್ಚಲಿಲ್ಲ.

"ಅಣ್ಣಾವ್ರ, ಹಳೇ ಪೆಟ್ರೋಲ್ ಮೊದಲ ಚೆಲ್ರಿ. ಹೊಸಾದು ಬೆರಸಾಕ ಹೋಗಬ್ಯಾಡ್ರಿ, ಥಿನ್ನರ್ ಅಂತೂ ಬ್ಯಾಡ. ಇಟ್ಕೊಂಡು ಪೂಜಾ ಮಾಡಾಕ ಅದೇನ ಗಂಗಾಜಲಾ ಏನ್ರಿ? ಮಶೀನ್ ಉಳೀಬೇಕೋ ಪೆಟ್ರೋಲ್ ಉಳೀಬೇಕೋ, ಒಂದು ಆರಿಸ್ಕೋರಿ."

ಓದಿದೆ. ಮತ್ತೆ ಓದಿದೆ. ನಗು ಬಂತು. ಅವನ ದನಿಯಲ್ಲೇ ಕೇಳಿಸಿತು. ಆಮೇಲೆ ತಡೆಯಲಾಗಲಿಲ್ಲ, ಅತ್ತೆ ಒಳಗಿನಿಂದ ಏನಾತು ಅಂತ ಕೂಗುವಷ್ಟು ಅತ್ತುಬಿಟ್ಟೆ.

ಬಾಟಲಿ ದೇವರ ಕೋಣೆಯ ಬಾಗಿಲಲ್ಲಿದೆ. ಅತ್ತೆ ಅದಕ್ಕೂ ವಿಭೂತಿ ಹಚ್ಚಿದ್ದಾರೆ.

ಅವನ ಉತ್ತರದ ಕೆಳಗೆ ಖಾಲಿ ಚೌಕ, ಬರೆಯಬಹುದು. ಸುಬ್ಬಣ್ಣನನ್ನು ಲಾಗೌಟ್ ಮಾಡಿ ನನ್ನ ಹೆಸರಿನಲ್ಲೇ ಸೇರಿದೆ. ಸಂಯುಕ್ತಾ. ಅಮರಯ್ಯನವರಿಗೆ ವಿಷಯ ತಿಳಿಸೋಣ ಅಂತಲೇ ಶುರುಮಾಡಿದೆ. ಬರೆದದ್ದು ಬೇರೆ —

ಕಿರಣಾ, ನಾ ಚೆಲ್ಲಲಿಲ್ಲೋ. ಮಶೀನ್ ಹೋತು. ಅರ್ಧ ಬಾಟ್ಲಿ ನಿನ್ನ ಪೆಟ್ರೋಲ್ ಉಳದೈತಿ. ಮತ್ತ ಅದ ಪ್ರಶ್ನೆ ಅನಬ್ಯಾಡ, ಇದೊಂದ ಹೇಳು, ಈಗ ಇದನ್ನ ನಾ ಏನ ಮಾಡ್ಲಿ?